ಕಂಬದ ಸುತ್ತ ಏನು ಬರಬೇಕು ಅಂತ ನಮ್ಮನ್ನ ಯಾರಾದ್ರೂ ಕೇಳಿದ್ದಾರಾ?



ಸ್ವಲ್ಪ ಉದ್ದದ ಪೋಸ್ಟ್ ಇದು. ಪುರುಸೊತ್ತಿದ್ದಾಗ ಓದಿ, ಆದರೆ ಪೂರ್ತಿ ಓದಿ.

ಜನವರಿ 1 ಬಂತು ಅಂದ್ರೆ ನಮ್ಮ ಗ್ರೂಪುಗಳ ತುಂಬ ಒಂದೇ ಫೋಟೊ. ಭೀಮಾ ಕೋರೆಗಾಂವ್ ವಿಜಯಸ್ತಂಭ. ಕೆಳಗೆ "500 ಮಹಾರರು, 28,000 ಪೇಶ್ವೆ ಸೈನಿಕರು" ಅಂತ ಒಂದು ಸಾಲು. ನಾನೂ ಎಷ್ಟೋ ವರ್ಷ ಹಾಕಿದ್ದೀನಿ. ಈ ಸಲ ಬೇರೆ ಪ್ರಶ್ನೆ ಕೇಳೋಣ ಅನ್ನಿಸ್ತು. ಅಲ್ಲಿ ದೊಡ್ಡ ಸ್ಮಾರಕ ಆಗಬೇಕು, ಜಾಗ ವಿಸ್ತರಿಸಬೇಕು, ಅಭಿವೃದ್ಧಿ ಆಗಬೇಕು ಅನ್ನೋ ಮಾತು ಪದೇ ಪದೇ ಬರ್ತಾ ಇದೆ. ಆಗಲಿ, ಸಂತೋಷ. ಆದರೆ ಆ ನೆಲದಲ್ಲಿ ಏನು ಕಟ್ಟಬೇಕು, ಬೋರ್ಡಿನ ಮೇಲೆ ಏನು ಬರೀಬೇಕು ಅಂತ ತೀರ್ಮಾನ ಮಾಡೋರು ಯಾರು?

ಮೊದಲು ನಡೆದದ್ದನ್ನ ನೇರವಾಗಿ ನೋಡೋಣ. 1818ರ ಜನವರಿ 1. ಕ್ಯಾಪ್ಟನ್ ಸ್ಟಾಂಟನ್ ಕೈಕೆಳಗೆ ಶಿರೂರಿನಿಂದ ಪುಣೆ ಕಡೆ ಹೊರಟ ಕಂಪನಿ ಪಡೆಯಲ್ಲಿ ಇದ್ದದ್ದು 800 ಚಿಲ್ಲರೆ ಜನ. ಸುಮಾರು 500 ಕಾಲಾಳುಗಳು, ಉಳಿದವರು ಕುದುರೆ ಸವಾರರು, ಎರಡು ಫಿರಂಗಿ ನಡೆಸೋ ಮದ್ರಾಸಿನ ಗೋಲಂದಾಜರು. ಎದುರಿಗೆ ಎರಡನೇ ಬಾಜೀರಾಯನ ಸುಮಾರು 28,000 ಸೈನ್ಯ. ಆದರೆ ಊರಿಗೆ ನುಗ್ಗಿ ಹೊಡೆದಾಡಿದ್ದು ಅದರಲ್ಲಿ ಸುಮಾರು 2,000 ಜನ, ಅವರಲ್ಲಿ ಅರಬರೂ ಗೋಸಾವಿಗಳೂ ಇದ್ದರು. ಬೆಳಗಿನಿಂದ ರಾತ್ರಿವರೆಗೆ ನೀರಿಲ್ಲದೆ ಕಾದಾಡಿದ ಕಂಪನಿ ಪಡೆಯಲ್ಲಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 275. ರಾತ್ರಿ ಪೇಶ್ವೆ ಪಡೆ ಹಿಂದೆ ಸರೀತು. ಅದೇ ವರ್ಷ ಪೇಶ್ವೆ ಆಳ್ವಿಕೆ ಮುಗೀತು.

ಕಂಬಕ್ಕೆ 1821ರಲ್ಲಿ ಅಡಿಗಲ್ಲು ಹಾಕಿದರು. ಕಟ್ಟಿಸಿದ್ದು ಕಂಪನಿ, ತನ್ನ ಹೆಮ್ಮೆಗೆ. ಅದರ ಮೇಲಿನ 49 ಹೆಸರುಗಳಲ್ಲಿ 22 ಹೆಸರು 'ನಾಕ' ಅಂತ ಕೊನೆಯಾಗ್ತವೆ. ಅವರು ಮಹಾರರು. ಉಳಿದವುಗಳಲ್ಲಿ ಮರಾಠರೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಕಂಪನಿಯೇನು ಜಾತಿ ನಾಶ ಮಾಡೋಕೆ ಬಂದಿರಲಿಲ್ಲ. ಇದೇ ಬ್ರಿಟಿಷರು 1890ರ ದಶಕದಲ್ಲಿ 'ಯೋಧ ಜನಾಂಗ' ಅಲ್ಲ ಅಂತ ಮಹಾರರನ್ನ ಸೈನ್ಯಕ್ಕೆ ಸೇರಿಸಿಕೊಳ್ಳೋದನ್ನೇ ನಿಲ್ಲಿಸಿದರು. ಆಗ ಶಿವರಾಮ್ ಜಾನಬಾ ಕಾಂಬಳೆ ಅವರಂಥವರು ಈ ಕಂಬವನ್ನೇ ಸಾಕ್ಷಿ ಮಾಡಿಕೊಂಡು ಕೇಳಿದರು: ನಿಮಗಾಗಿ ಸತ್ತಾಗ ನಾವು ಯೋಧರು, ಈಗ ಅಲ್ವಾ? 1927ರ ಜನವರಿ 1ಕ್ಕೆ ಬಾಬಾಸಾಹೇಬರು ಅಲ್ಲಿಗೆ ಬಂದ ಮೇಲೆ ಕಂಪನಿಯ ಕಂಬ ನಮ್ಮ ಕಂಬ ಆಯ್ತು. ಸೊಂಟಕ್ಕೆ ಪೊರಕೆ, ಕೊರಳಿಗೆ ಮಡಕೆ ಕಟ್ಟಿಸಿದ ಪುಣೆಯ ಬಗ್ಗೆ ಬರೆದವರೂ ಅವರೇ. ಆ ಪುಣೆ ಸೋತ ಜಾಗ ಇದು ಅಂತ ಜನ ಹೋಗ್ತಾರೆ.

ಈ ಸಂಖ್ಯೆಗಳನ್ನ ಬಿಚ್ಚಿಟ್ಟರೆ ನಮ್ಮ ಹೆಮ್ಮೆ ಕಮ್ಮಿ ಆಗುತ್ತೆ ಅಂತ ಕೆಲವು ಗೆಳೆಯರು ಬೈಬಹುದು. ಆನಂದ್ ತೇಲ್ತುಂಬ್ಡೆ 2018ರಲ್ಲಿ ಇಂಥದ್ದೇ ಮಾತು ಬರೆದಾಗ ನಮ್ಮವರೇ ಸಿಟ್ಟಾದರು. ಆಮೇಲೆ ಅವರನ್ನ ಅದೇ ಊರಿನ ಹೆಸರಿನ ಕೇಸಿನಲ್ಲಿ ಸೇರಿಸಿದರು. 2020ರ ಏಪ್ರಿಲ್ 14ರಂದು, ಬಾಬಾಸಾಹೇಬರ ಜಯಂತಿ ದಿನವೇ, ಅವರು ಶರಣಾಗಿ ಜೈಲಿಗೆ ಹೋದರು. ನಿಜ ಹೇಳಿದರೆ ಕುಸಿಯೋ ಹೆಮ್ಮೆ ಎಷ್ಟು ದಿನ ಬಾಳುತ್ತೆ?

ಈಗ ಬೋರ್ಡಿನ ಮಾತು. ಕೋರೆಗಾಂವ್ ಪಕ್ಕದ ವಢು ಬುದ್ರುಕ್‌ನಲ್ಲಿ ಸಂಭಾಜಿ ಮಹಾರಾಜರ ಸಮಾಧಿ ಇದೆ, ಗೋವಿಂದ ಗೋಪಾಲ ಮಹಾರರ ಸಮಾಧಿಯೂ ಇದೆ. ಸಂಭಾಜಿ ಅವರ ಅಂತ್ಯಕ್ರಿಯೆ ಮಾಡಿದವರು ಗೋವಿಂದ ಗೋಪಾಲರು ಅನ್ನೋದು ನಮ್ಮವರ ನಂಬಿಕೆ. ಇದನ್ನ ಒಪ್ಪದವರೂ ಇದ್ದಾರೆ. 2017ರ ಡಿಸೆಂಬರ್ ಕೊನೆಗೆ ಇದೇ ವಿಚಾರದ ಒಂದು ಬೋರ್ಡಿಗೆ ಗಲಾಟೆ ಆಯ್ತು. ಮೂರು ದಿನ ಕಳೆದು ಜನವರಿ 1ಕ್ಕೆ, 200ನೇ ವರ್ಷದ ದಿನ, ಕಲ್ಲು, ಬೆಂಕಿ, ಒಂದು ಸಾವು. ಗಲಭೆಗೆ ಕಾರಣ ಏನು ಅಂತ ನೋಡೋಕೆ ವಿಚಾರಣಾ ಆಯೋಗ ಕೂತಿತು. ನಾನು ಹೇಳೋದು ಇಷ್ಟೆ. ಬೋರ್ಡಿನ ಮೇಲೆ ಬರೆಯೋ ನಾಲ್ಕು ಸಾಲು ಕೂಡ ಸಣ್ಣ ವಿಷಯ ಅಲ್ಲ. ಎರಡೂ ಕಡೆಯವರನ್ನ, ಇತಿಹಾಸ ಓದಿದವರನ್ನ ಒಂದೇ ಚಾವಡಿಯಲ್ಲಿ ಕೂರಿಸಿ ಮಾತಾಡೋ ವ್ಯವಸ್ಥೆ ಇಲ್ಲದಿದ್ದರೆ ಮಾತು ಬೀದಿಗೆ ಬರುತ್ತೆ. ಬೀದಿಯಲ್ಲಿ ಏಟು ತಿನ್ನೋರು ಯಾರು ಅಂತ ಬಿಡಿಸಿ ಹೇಳಬೇಕಾ?

ಬೇರೆ ಕಡೆ ಇದು ಹೇಗೆ ಆಗಿದೆ ಅಂತ ಹುಡುಕಿದಾಗ ಅಮೆರಿಕದ ಮೊಂಟಾನಾದ ಲಿಟಲ್ ಬಿಗ್‌ಹಾರ್ನ್ ಸಿಕ್ಕಿತು. 1876ರ ಜೂನ್‌ನಲ್ಲಿ ಲಕೋಟಾ, ಶಯೆನ್, ಅರಾಪಾಹೋ ಜನ ತಮ್ಮ ಬಿಡಾರಕ್ಕೆ ನುಗ್ಗಿದ ಕಸ್ಟರ್ ಎಂಬ ಅಧಿಕಾರಿಯ ಪಡೆಯನ್ನ ಸೋಲಿಸಿದ ಜಾಗ. ಗೆದ್ದವರು ಮೂಲನಿವಾಸಿಗಳು. ಆದರೆ 1881ರಲ್ಲಿ ಗುಡ್ಡದ ಮೇಲೆ ನಿಂತ ಕಲ್ಲಿನ ಕಂಬ ಸೋತ ಸೈನಿಕರದ್ದು. ಆ ಜಾಗಕ್ಕೆ ಹೆಸರೂ ಕಸ್ಟರ್‌ದೇ. ಗೆದ್ದವರಿಗೆ ನೂರು ವರ್ಷ ಕಳೆದರೂ ಒಂದು ಸ್ಮಾರಕ ಇರಲಿಲ್ಲ. 1988ರಲ್ಲಿ ರಸೆಲ್ ಮೀನ್ಸ್ ಮತ್ತು ಸಂಗಡಿಗರು ಬಂದು ತಾವೇ ಮಾಡಿದ ಲೋಹದ ಫಲಕವೊಂದನ್ನ ಅಲ್ಲಿ ಇಟ್ಟರು. 1991ರಲ್ಲಿ ಕಾನೂನು ಬಂತು. ಜಾಗದ ಹೆಸರು ಬದಲಾಯ್ತು. ಹೊಸ ಸ್ಮಾರಕ ಹೇಗಿರಬೇಕು ಅಂತ ಹೇಳೋಕೆ ಸಲಹಾ ಸಮಿತಿ ಬಂತು. ಅದರಲ್ಲಿ ಬುಡಕಟ್ಟುಗಳ ಪ್ರತಿನಿಧಿಗಳು ಇರಲೇಬೇಕು ಅಂತ ಕಾನೂನಿನಲ್ಲೇ ಬರೆದರು. ವಿನ್ಯಾಸಕ್ಕೆ ಬಹಿರಂಗ ಸ್ಪರ್ಧೆ ಇಟ್ಟರು. ಹಣ ಬರೋದು ತಡವಾಗಿ 2003ರಲ್ಲಿ ಸ್ಮಾರಕ ತೆರೀತು. ಹನ್ನೆರಡು ವರ್ಷ!

ನನ್ನನ್ನ ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಗತಿ. ಕ್ರೋ ಮತ್ತು ಅರಿಕಾರಾ ಎಂಬ ಬುಡಕಟ್ಟಿನವರು ಕಸ್ಟರ್ ಪಡೆಗೆ ದಾರಿ ತೋರಿಸೋ ಬೇಹುಗಾರರಾಗಿದ್ದರು. ಲಕೋಟಾಗಳಿಂದ ನೊಂದವರು ಅವರು. ಹೊಸ ಸ್ಮಾರಕದಲ್ಲಿ ಅವರನ್ನ 'ದ್ರೋಹಿಗಳು' ಅಂತ ಹೊರಗೆ ಹಾಕಲಿಲ್ಲ, ಅವರಿಗೂ ಜಾಗ ಕೊಟ್ಟರು. ಸೈನಿಕರ ಕಂಬದ ಕಡೆಗೆ ಒಂದು ಬಾಗಿಲಿನಂಥ ಸಂದು ಬಿಟ್ಟರು, ಸತ್ತ ಸೈನಿಕರ ಆತ್ಮಗಳೂ ಒಳಗೆ ಬರಲಿ ಅಂತ. ಹಾಗಾದರೆ ಕಂಪನಿ ಪರ ಹೋರಾಡಿದರು ಅಂತ ನಮ್ಮವರಿಗೆ ದೇಶದ್ರೋಹದ ಪಟ್ಟ ಕಟ್ಟೋರಿಗೆ ಏನು ಹೇಳೋಣ? ಮನುಷ್ಯ ಅಂತಲೇ ಕಾಣದ ರಾಜ್ಯಕ್ಕೆ ಯಾರೂ ಋಣಿ ಆಗಿರಬೇಕಿಲ್ಲ.

ನಾನು ಗುಮಾಸ್ತ. ಫೈಲು ನೋಡೋದೇ ಹೊಟ್ಟೆಪಾಡು. ಅದಕ್ಕೆ ಒಂದು ಒಳಗಿನ ಮಾತು ಹೇಳ್ತೀನಿ. ಕರಡು ಯೋಜನೆ ಆದ ಮೇಲೆ ಪೇಪರಿನ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಪ್ರಕಟಣೆ ಬರುತ್ತೆ: ಆಕ್ಷೇಪಣೆ, ಸಲಹೆ ಇದ್ದರೆ 30 ದಿನದೊಳಗೆ ಲಿಖಿತವಾಗಿ ಸಲ್ಲಿಸಿ. ಸರ್ವೆ ನಂಬರು, ಇಂಗ್ಲಿಷು, ನಕ್ಷೆ ನೋಡೋಕೆ ಜಿಲ್ಲಾ ಕೇಂದ್ರಕ್ಕೆ ಬನ್ನಿ. ಕೂಲಿ ಬಿಟ್ಟು ಯಾರು ಬರ್ತಾರೆ? ಮೂವತ್ತೊಂದನೇ ದಿನ ಫೈಲಿನಲ್ಲಿ ಒಂದು ಸಾಲು: "ಯಾವುದೇ ಆಕ್ಷೇಪಣೆ ಸ್ವೀಕೃತವಾಗಿರುವುದಿಲ್ಲ." ಆ ಸಾಲನ್ನ ನಾನೇ ನನ್ನ ಕೈಯಾರೆ ಬರೆದಿದ್ದೀನಿ ಬಂಧುಗಳೇ. ಬರೆದು ಮನೆಗೆ ಬಂದು ಊಟ ಮಾಡಿದ್ದೀನಿ. ಕಾನೂನಿನ ಪ್ರಕಾರ ಜನರನ್ನ ಕೇಳಿದಂಗಾಯ್ತು. ನಿಜವಾಗಿ ಯಾರನ್ನೂ ಕೇಳಲಿಲ್ಲ.

ಕೋರೆಗಾಂವ್‌ನಲ್ಲಿ ಹಾಗಾಗಬಾರದು. ಅಲ್ಲಿಗೆ ಲಕ್ಷಾಂತರ ಜನ ತಾವಾಗೇ ಬರ್ತಾರೆ. ಕಲಬುರಗಿ, ಬೀದರ್, ವಿಜಯಪುರ, ಬೆಳಗಾವಿಯಿಂದ ಬುತ್ತಿ ಕಟ್ಟಿಕೊಂಡು ಹೋಗೋರಿದ್ದಾರೆ. ಆ ಭೀಮೆಯೇ ಮುಂದೆ ನಮ್ಮ ಕಲಬುರಗಿ ಸೀಮೆಗೆ ಹರಿದು ಬರೋದು. ಜನ ಸೇರಿದ ದಿನವೇ ನಕ್ಷೆಯನ್ನ ದೊಡ್ಡದಾಗಿ ಹಾಕಿ, ಮರಾಠಿ, ಹಿಂದಿ, ಕನ್ನಡದಲ್ಲಿ ವಿವರ ಇಡಿ. ಓದೋಕೆ ಬರದವರ ಮಾತು ಬರೆದುಕೊಳ್ಳೋಕೆ ಮೇಜು ಹಾಕಿ. ನಮ್ಮ ಅಕ್ಕ ತಂಗಿಯರನ್ನ ಕೇಳಿದರೆ ಮೊದಲು ಹೇಳೋದು ನೀರು, ನೆರಳು, ಶೌಚಾಲಯ. ಆಮೇಲೆ ಪ್ರತಿಮೆ. ಪೇರಣೆ, ಕೋರೆಗಾಂವ್, ವಢು ಊರಿನವರನ್ನ ಗ್ರಾಮಸಭೆಯಲ್ಲಿ ಕೇಳಲೇಬೇಕು. ಅವರಲ್ಲಿ ಮರಾಠರೂ ಇದ್ದಾರೆ, 2018ರಲ್ಲಿ ಅಂಗಡಿ ಕಳಕೊಂಡವರೂ ಇದ್ದಾರೆ. ಜಮೀನು ಹೋಗೋದಾದ್ರೆ 2013ರ ಭೂಸ್ವಾಧೀನ ಕಾಯ್ದೆಯ ಸಾಮಾಜಿಕ ಪರಿಣಾಮದ ಅಧ್ಯಯನ, ಬಹಿರಂಗ ವಿಚಾರಣೆ ಕಾಟಾಚಾರಕ್ಕೆ ಮುಗೀಬಾರದು. ಬೋರ್ಡಿನ ಸಾಲುಗಳು ಹಾಕೋ ಮೊದಲೇ ಜನರ ಮುಂದೆ ಬರಲಿ. 22 ಹೆಸರೂ ಇರಲಿ, 49 ಹೆಸರೂ ಇರಲಿ, ಎದುರು ಕಡೆ ಸತ್ತವರ ಲೆಕ್ಕವೂ ಇರಲಿ.

ನಮ್ಮ ಪಾಲಿನ ಕೆಲಸವೂ ಇದೆ. ಮೆರವಣಿಗೆ, ನೀಲಿ ಶಾಲು, ಡಿಜೆ ಎಲ್ಲ ಇರಲಿ. ಜೊತೆಗೆ ಒಂದು ಬಿಳಿ ಹಾಳೆಯಲ್ಲಿ ನಿಮ್ಮ ಸಲಹೆ ಬರೆದು, ಕಚೇರಿಗೆ ಕೊಟ್ಟು, ಸೀಲು ಹಾಕಿದ ಸ್ವೀಕೃತಿ ಪ್ರತಿ ಇಸ್ಕೊಳ್ಳಿ. ಮಹಾರಾಷ್ಟ್ರದ ಗೆಳೆಯರು ಅಲ್ಲಿ ಮಾಡಲಿ. ನಾವು ನಮ್ಮೂರಿನ ಅಂಬೇಡ್ಕರ್ ಭವನ, ಸ್ಮಶಾನ, ಕೆರೆ ಅಂಗಳದ ಯೋಜನೆಗೆ ಇಲ್ಲಿ ಮಾಡೋಣ. ಒಂದೇ ಒಂದು ಅರ್ಜಿ ಟಪಾಲಿನಲ್ಲಿ ನಮೂದಾದರೂ ನನ್ನಂಥ ಗುಮಾಸ್ತ ಆ ಸಾಲು ಬರೆಯೋಕೆ ಆಗಲ್ಲ.

ಜೈ ಭೀಮ್.