ಬೀದರ್‌ನಿಂದ ಶ್ರೀಶೈಲಕ್ಕೆ: ರಷ್ಯಾದವನೊಬ್ಬನ ದೋಸ್ತಿ ಟ್ರಿಪ್

ಭಾಗ 1

ದೋಸ್ತ ಫೋನ್ ಮಾಡಿ "ನಡಿ ಲೇ, ಹೋಗೂಣು" ಅಂತಾನ. ನೀವು ಬ್ಯಾಗಿಗೆ ಎರಡು ಅಂಗಿ ತುರುಕಿ ಹೊಂಟೇ ಬಿಡ್ತೀರಿ. ಪ್ಲ್ಯಾನ್ ಇಲ್ಲ, ಬುಕಿಂಗ್ ಇಲ್ಲ. ಅಂಥ ಟ್ರಿಪ್ಪಿನ ಮಜಾನೇ ಬ್ಯಾರೆ, ಹೌದಲ್ರಿ?

ಈಗ ನಿಮ್ಮ ಫೀಡ್ ತೆಗೆದು ನೋಡ್ರಿ. ಬಾಲಿ, ಪುಕೆಟ್, ಶ್ರೀಲಂಕಾ. ಚಳಿ ದೇಶದ ಮಂದಿ ಬಿಸಿಲ ದೇಶಕ್ಕ ಬಂದು ತೆಂಗಿನ ಗಿಡದ ಕೆಳಗ ನಿಂತು ಫೋಟೊ ಹಾಕ್ತಾರ. ನಾವು ಭಾತಂಬ್ರಾದಾಗ ಕಟ್ಟಿ ಮ್ಯಾಲೆ ಕೂತು ಲೈಕ್ ಒತ್ತುತೀವಿ. ಆದ್ರ ನಾವು ಕೂತಿರೋದೂ ಉಷ್ಣವಲಯದಾಗೇ. ಬೀದರ್ ಇರೋದು ಸುಮಾರು 18 ಡಿಗ್ರಿ ಉತ್ತರ ಅಕ್ಷಾಂಶದಾಗ. ಕರ್ಕಾಟಕ ಸಂಕ್ರಾಂತಿ ವೃತ್ತ ನಮ್ಮಿಂದ ಬಹಳ ಮ್ಯಾಲೆ, ಭೋಪಾಲದ ಹತ್ರ ಹಾದು ಹೋಗ್ತದ.

550 ವರ್ಷದ ಹಿಂದ, ಹಿಮ ಬೀಳೋ ನಾಡಿನ ಒಬ್ಬ ವ್ಯಾಪಾರಿ ಈ ಬಿಸಿಲಿಗೆ ಬಂದ. ಬೀದರ್‌ನಾಗ ನಾಲ್ಕು ತಿಂಗಳು ಇದ್ದ, ದೋಸ್ತರನ್ನ ಮಾಡ್ಕೊಂಡ, ಅವರ ಜೊತಿ ಒಂದು ಟ್ರಿಪ್ ಹೋದ. ಅದನ್ನ ಬರೆದೂ ಇಟ್ಟ. ಅವನ ಹೆಸರು ಅಫನಾಸಿ ನಿಕಿತಿನ್. ಹೋಗಿದ್ದು ಶ್ರೀಶೈಲಕ್ಕ.

ಭಾಗ 2

ಮೊದಲು ಅವ ಇಲ್ಲಿಗೆ ಬಂದ ಕಥೆ. ಬೇಗ ಮುಗಿಸ್ತೀನಿ.

ನಿಕಿತಿನ್‌ನ ಊರು ತ್ವೇರ್. ಮಾಸ್ಕೋದಿಂದ ವಾಯವ್ಯಕ್ಕ, ವೋಲ್ಗಾ ನದಿ ದಂಡಿ ಮ್ಯಾಲೆ. 1460ರ ದಶಕದ ಕೊನೆಗೆ ಸರಕು ತುಂಬಿದ ದೋಣಿಯೊಳಗ ನದಿ ಹಿಡಿದು ಕೆಳಗ ಹೊಂಟ. ಅಸ್ತ್ರಾಖಾನದ ಹತ್ರ ತಾತಾರರು ದಾಳಿ ಮಾಡಿ ಎಲ್ಲಾ ದೋಚಿದ್ರು. ಸರಕು ಹೋತು, ಅವ ಜೋಡಿ ತಂದಿದ್ದ ಧಾರ್ಮಿಕ ಪುಸ್ತಕಗಳೂ ಹೋದ್ವು. ಈ ಪುಸ್ತಕದ ಮಾತು ನೆನಪಿಡ್ರಿ, ಮುಂದ ಬರ್ತದ.

ಊರಿಗೆ ತಿರುಗಿ ಹೋಗಬಹುದಿತ್ತು. ಆದ್ರ ಸಾಲ ಇದ್ದವರು ಹೋಗೋ ಹಂಗಿರಲಿಲ್ಲ. ಮನ್ಯಾಗ ಏನಾದ್ರೂ ಇದ್ದವರು ವಾಪಸ್ ಹೋದ್ರು, ಸಾಲಗಾರರು ಕಣ್ಣು ಕಂಡ ದಿಕ್ಕಿಗೆ ನಡೆದ್ರು ಅಂತ ಅವನೇ ಹೇಳ್ತಾನ. ನಿಕಿತಿನ್ ದರ್ಬೆಂತ್, ಬಾಕು, ಪರ್ಶಿಯಾ ದಾಟಿ ಹೊರ್ಮುಜ್ ಮುಟ್ಟಿದ. ಹಿಂದುಸ್ತಾನದಾಗ ಕುದುರೆ ಹುಟ್ಟೋದಿಲ್ಲ, ಸಮುದ್ರದ ಆಚಿಂದ ಬಂದ ಕುದುರೆಗೆ ಭಾರಿ ಬೆಲೆ ಅಂತ ಗೊತ್ತಾತು. ಒಂದು ಗಂಡು ಕುದುರೆ ಹಡಗಿಗೆ ಏರಿಸಿಕೊಂಡು ಇವತ್ತಿನ ಮಹಾರಾಷ್ಟ್ರದ ಚೌಲ್ ಬಂದರಿಗೆ ಬಂದು ಇಳಿದ. ಆ ಕುದುರೆ ಮ್ಯಾಲೆ 100 ರೂಬಲ್ ಖರ್ಚಾಗಿತ್ತು. ಅವನ ಇಡೀ ಬಂಡವಾಳ ಅಂದ್ರ ಆ ನಾಲ್ಕು ಕಾಲು.

ಚೌಲ್‌ನಾಗ ಅವ ಎಲ್ಲಿ ಹೋದ್ರೂ ಹಿಂದ ಮಂದಿ. ಬಿಳಿ ಮನುಷ್ಯನ್ನ ಕಂಡು ಬೆರಗಾಗಿ ಬೆನ್ನು ಹತ್ತಿದ್ರಂತ. ನಾವು ಬೀದರ್ ಕೋಟೆಗೆ ಬಂದ ವಿದೇಶಿಗರ ಜೊತಿ ಸೆಲ್ಫಿಗೆ ಓಡೋದು ಹೊಸ ಚಾಳಿ ಅಲ್ಲ ಬಿಡ್ರಿ.

ಭಾಗ 3

ಜುನ್ನರ್‌ಗೆ ಬಂದಾಗ ಮಳಿಗಾಲ. ಅವ ಅದಕ್ಕ ಚಳಿಗಾಲ ಅಂತಾನ! ಅವನ ಊರಾಗ ಆರು ತಿಂಗಳು ಹಿಮ ಬಿದ್ದು ದಾರಿ ಬಂದ್ ಆಗ್ತಿತ್ತು. ಇಲ್ಲಿ ನಾಲ್ಕು ತಿಂಗಳು ಎಲ್ಲಾ ಕಡೆ ನೀರು, ರಾಡಿ. ದಾರಿ ಬಂದ್ ಆಯ್ತು ಅಂದ್ಮ್ಯಾಲೆ ಅದು ಚಳಿಗಾಲನೇ ಅಂತ ಅವನ ಲೆಕ್ಕ. ಇಂಥ ಚಳಿಗಾಲದಾಗ ಮಂದಿ ಹೊಲ ಉತ್ತು ಬಿತ್ತೋದು ಕಂಡು ಅಚ್ಚರಿಯಿಂದ ಬರೆದಾನ. ಇಲ್ಲಿ ಕುದುರೆಗೆ ಕಡಲಿ ಹಾಕ್ತಾರ, ಸಕ್ಕರಿ ಮತ್ತ ತುಪ್ಪ ಹಾಕಿ ಖಿಚಡಿ ಮಾಡಿ ತಿನ್ನಸ್ತಾರ ಅನ್ನೋದೂ ಅದರಾಗ ಅದ. ಹಾಸ್ಟೆಲ್ ಮೆಸ್ಸಿನಾಗ ಉಣ್ಣೋರು ಇದನ್ನ ಎರಡು ಸಲ ಓದಬ್ಯಾಡ್ರಿ.

ಅಲ್ಲೇ ಆ ಕುದುರೆಗೆ ಸಂಕಟ ಬಂತು. ಜುನ್ನರ್‌ನ ಅಧಿಕಾರಿ ಅಸದ್ ಖಾನ್ ಕುದುರೆ ಕಸಗೊಂಡ. ಮುಸ್ಲಿಮನಾದ್ರ ಕುದುರೆ ವಾಪಸ್, ಮ್ಯಾಲೆ 1000 ಚಿನ್ನದ ನಾಣ್ಯ. ಆಗದಿದ್ರ ಕುದುರೆನೂ ಹೋತು, 1000 ನಾಣ್ಯದ ದಂಡನೂ ಬಿತ್ತು. ಕೊಟ್ಟ ಗಡುವು ನಾಲ್ಕು ದಿನ. ಅಷ್ಟೊತ್ತಿಗೆ ಖೊರಾಸಾನದ ಮುಹಮ್ಮದ್ ಅನ್ನೋವ ಅಲ್ಲಿಗೆ ಬಂದ. ನಿಕಿತಿನ್ ಅವನ ಮುಂದ ಗೋಳು ತೋಡಿಕೊಂಡ. ಅವ ಖಾನನ ಹತ್ರ ಹೋಗಿ ಮಾತಾಡಿ, ಇವನ ಧರ್ಮನೂ ಉಳಿಸಿ, ಕುದುರೆನೂ ಬಿಡಿಸಿ ತಂದ. ಹೆದರಿಸಿದವನೂ ಮುಸ್ಲಿಮ, ಕಾಪಾಡಿದವನೂ ಮುಸ್ಲಿಮ. ಈ ಕಥೆನ ಅರ್ಧ ಹೇಳಿ ಬಿಡೋರು ಇದ್ದಾರ, ಅದಕ್ಕೇ ಪೂರ್ತಿ ಬರೆದೆ.

ಭಾಗ 4 (ಫೋಟೊ: ಬೀದರ್ ಕೋಟೆ, ಗುಂಬದ್ ದರ್ವಾಜಾ)

ಆಗ ಬೀದರ್ ಬಹಮನಿಗಳ ರಾಜಧಾನಿ. ಸುಲ್ತಾನ ಮೂರನೇ ಮುಹಮ್ಮದ್ ಶಾಹ, ಸುಮಾರು 20 ವರ್ಷದ ಹುಡುಗ. ರಾಜ್ಯ ನಡೆಸ್ತಿದ್ದವ ಮಹಮೂದ್ ಗವಾನ್. ನಾವು ಪಿಕ್ನಿಕ್ಕಿಗೆ ಹೋಗಿ ಮುಂದ ನಿಂತು ಫೋಟೊ ತೆಗೆಸ್ಕೊಳ್ಳೋ ಮದರಸಾ ಕಟ್ಟಿಸಿದವ ಇವನೇ. 1472ಕ್ಕ ಅದರ ಕೆಲಸ ಮುಗೀತು. ಗವಾನನೂ ಪರ್ಶಿಯಾದ ಗಿಲಾನದಿಂದ ವ್ಯಾಪಾರಕ್ಕಂತ ಬಂದವನೇ. ಅವನ ಬಿರುದು ಮಲಿಕ್-ಉತ್-ತುಜ್ಜಾರ್, ಅಂದ್ರ ವ್ಯಾಪಾರಿಗಳ ದೊರೆ. ನಿಕಿತಿನ್ ಅದನ್ನೇ ಹೆಸರು ಅಂತ ತಿಳಿದು ಪುಸ್ತಕದ ತುಂಬ ಹಂಗೇ ಕರೀತಾನ.

ಸುಲ್ತಾನನ ಅರಮನೆಗೆ ಏಳು ಬಾಗಿಲು. ಒಂದೊಂದು ಬಾಗಿಲಿಗೂ ನೂರು ಕಾವಲುಗಾರರು, ನೂರು ಕಾರಕೂನರು. ಒಳಗ ಹೋಗೋರ ಹೆಸರು ಕೆಲವರು ಬರ್ಕೊಂಡ್ರ, ಹೊರಗ ಬರೋರ ಹೆಸರು ಬ್ಯಾರೆಯವರು. ರಾತ್ರಿ ಕೊತ್ವಾಲನ ಮಂದಿ ಪಂಜು ಹಿಡಿದು ಕುದುರೆ ಮ್ಯಾಲೆ ಊರು ಕಾಯ್ತಾರ. ಗೋಡೆ ಕಲ್ಲೆಲ್ಲಾ ಕೆತ್ತನೆ, ಚಿನ್ನದ ಬಣ್ಣ.

ಇಷ್ಟೇ ಬರೆದಿದ್ರ ಅವನೂ ಒಬ್ಬ ಟೂರಿಸ್ಟ್. ಆದ್ರ ಅದೇ ಉಸಿರಿನಾಗ ಇನ್ನೊಂದು ಮಾತು ಹೇಳ್ತಾನ: ಇಲ್ಲಿ ಮಂದಿ ಬಕ್ಕಳ, ಹಳ್ಳಿಯವರು ಬಡವರು, ದೊಡ್ಡ ಮಂದಿ ಮಾತ್ರ ಸೊಕ್ಕಿನಿಂದ ಬೆಳ್ಳಿ ಪಲ್ಲಕ್ಕಿಯೊಳಗ ತಿರುಗ್ತಾರ. ಕೋಟೆ ತೋರಿಸೋ ಯಾವ ಬೋರ್ಡಿನ ಮ್ಯಾಲೂ ಈ ಮಾತು ನಾನು ಓದಿಲ್ಲ. ಭಾತಂಬ್ರಾ, ಭಾಲ್ಕಿ, ಔರಾದ್ ಕಡೆಯ ನಮ್ಮಂಥೋರ ಮುತ್ತಜ್ಜಂದಿರು ಆ ಹಳ್ಳಿ ಮಂದಿಯ ಲೆಕ್ಕದಾಗೇ ಬರ್ತಾರ, ಪಲ್ಲಕ್ಕಿ ಲೆಕ್ಕದಾಗ ಅಲ್ಲ.

ಬೀದರ್‌ನಿಂದ 12 ಕೋಸು ದೂರ ಆಳಂದದಾಗ ದೊಡ್ಡ ಜಾತ್ರಿ ಆಗ್ತದ, ಸಾವಿರಾರು ಕುದುರೆ ಮಾರಾಟಕ್ಕ ಬರ್ತಾವ ಅಂತನೂ ಹೇಳ್ಯಾನ. ಅಲ್ಲೊಂದು ಗೂಗಿ ಅದ, ಯಾರ ಮನಿ ಮ್ಯಾಲೆ ಕೂತು ಕೂಗ್ತದೋ ಆ ಮನ್ಯಾಗ ಸಾವು. ಈ ಗೂಗಿ ಕಥೆ ನಿಮ್ಮ ಅಜ್ಜಿನೂ ಹೇಳಿರ್ತಾಳ, ಖರೇ ಹೇಳ್ರಿ.

ಭಾಗ 5

ಬೀದರ್‌ನಾಗ, ಕ್ರಿಸ್‌ಮಸ್ ಹೊತ್ತಿಗೆ, ಕುದುರೆ ಮಾರಿದ. ಅಷ್ಟೊತ್ತಿಗೆ ಒಂದು ವರ್ಷ ಅದಕ್ಕ ತಿನ್ನಿಸಿ ಸಾಕಿದ್ದ. ಆಮ್ಯಾಲೆ? ತನ್ನ ದೇಶಕ್ಕ ಒಯ್ಯೋ ಹಂಗಿನ ಸರಕು ಇಲ್ಲಿ ಸಿಗಲಿಲ್ಲ. ಮೆಣಸು, ಬಣ್ಣ ಅಗ್ಗ ಇತ್ತು, ಆದ್ರ ಸುಂಕ ಕಟ್ಟಿ ಸಮುದ್ರ ದಾಟಿಸಿದ್ರ ಏನೂ ಉಳಿಯೋದಿಲ್ಲ. ನಮ್ಮ ದೇಶದ ಸರಕು ಬೇಕಾದಷ್ಟು ಸಿಗ್ತದ ಅಂದವರು ಸುಳ್ಳು ಹೇಳಿದ್ರು ಅಂತ ಬೈದಾನ. ಕೈಯಾಗ ಕುದುರೆ ಇಲ್ಲ, ವ್ಯಾಪಾರ ಇಲ್ಲ, ಊರಾಗ ಸಾಲ.

ಈ ಖಾಲಿ ದಿನಗಳಾಗ ಅವನಿಗೆ ಬೀದರ್‌ನ ಹಿಂದೂ ಮಂದಿಯ ಪರಿಚಯ ಆತು.

ಅವ ಒಂದು ಮುಸ್ಲಿಂ ಹೆಸರು ಇಟ್ಕೊಂಡಿದ್ದ, ಖೋಜಾ ಯೂಸುಫ್ ಖೊರಾಸಾನಿ. ಆ ಹೆಸರಿನಾಗ ಇದ್ದಷ್ಟು ದಿನ ಈ ಮಂದಿ ಅವನಿಂದ ದೂರ. ಉಣ್ಣುವಾಗ ಮ್ಯಾಲೆ ಬಟ್ಟಿ ಮುಚ್ಚಿಕೊಂಡು ಉಣ್ಣೋರು. ಹೊರಗಿನವ ಗಡಿಗಿ ಒಳಗ ಇಣುಕಿದ್ರ ಆ ಅಡಗಿನೇ ಮುಟ್ಟೋರಲ್ಲ. ಒಂದಿನ ನಿಕಿತಿನ್ ಅವರಿಗೆ ಇದ್ದದ್ದು ಇದ್ದಂಗ ಹೇಳಿಬಿಟ್ಟ. ನಾನು ಮುಸ್ಲಿಮ ಅಲ್ಲ, ಕ್ರಿಶ್ಚಿಯನ್. ಹೆಸರು ಅಫನಾಸಿ. ಯೂಸುಫ್ ಅನ್ನೋದು ದಾರಿಗಂತ ಇಟ್ಕೊಂಡ ಹೆಸರು.

ಅವತ್ತಿಂದ ಅವರು ಏನೂ ಮುಚ್ಚಿಡಲಿಲ್ಲ. ಊಟ, ವ್ಯಾಪಾರ, ಪೂಜಿ, ಮನಿ ಹೆಂಗಸರು, ಯಾವುದನ್ನೂ ಮರೆ ಮಾಡಲಿಲ್ಲ. ಎರಡು ಹೊತ್ತು ಊಟ, ಬಲಗೈಲೇ. ಅಕ್ಕಿ ಖಿಚಡಿ, ತುಪ್ಪ, ಪಲ್ಲೆ. ಊಟಕ್ಕ ಕೂಡೋ ಮೊದಲು ಕೈಕಾಲು ತೊಳೆದು ಬಾಯಿ ಮುಕ್ಕಳಿಸ್ತಾರ. ನಮಗ ಇದರಾಗ ಏನದ ಅನ್ನಿಸ್ತದ. ಆದ್ರ 15ನೇ ಶತಮಾನದ ಬೀದರ್‌ನ ಒಂದು ಮನಿ ಅಡುಗಿಮನಿ ಹೆಂಗಿತ್ತು ಅಂತ ಯಾವ ಸುಲ್ತಾನನ ಶಾಸನನೂ ಹೇಳೋದಿಲ್ಲ. ಇದು ಸಿಕ್ಕಿದ್ದು ಒಬ್ಬ ಪರದೇಸಿ ತನ್ನ ಖರೇ ಹೆಸರು ಹೇಳಿದ್ದಕ್ಕ.

ಭಾಗ 6 (ಫೋಟೊ: ಶ್ರೀಶೈಲದ ಹೊರಗೋಡೆ)

ಆಗ ದೋಸ್ತರು ಪರ್ವತಕ್ಕ ಹೊಂಟಿದ್ರು. ಪರ್ವತ ಅಂದ್ರ ಶ್ರೀಪರ್ವತ, ಅಂದ್ರ ಶ್ರೀಶೈಲ. ಇವನೂ ಅವರ ಜೊತಿ ಮಾತಾಡ್ಕೊಂಡು ಹೊಂಟ. ಕ್ರಿಶ್ಚಿಯನ್ನರ ದೊಡ್ಡ ಉಪವಾಸಕ್ಕ ಇನ್ನೇನು ಶುರು ಅನ್ನೋ ಹೊತ್ತು, ನಮಗ ಶಿವರಾತ್ರಿ ಹೊತ್ತು. ಇವತ್ತು ಹೈದರಾಬಾದ್ ಮ್ಯಾಲೆ ಹೋದ್ರ ಸುಮಾರು 350 ಕಿಲೋಮೀಟರ್, ಮುಂಜಾನೆ ಹೊಂಟ್ರ ಸಂಜಿಗೆ ಅಲ್ಲಿ. ಅವರಿಗೆ ಒಂದು ತಿಂಗಳು ಹಿಡೀತು. ಅಲ್ಲಿದ್ದ ಜಾತ್ರಿ ಐದೇ ದಿನ. ಐದು ದಿನದ ಟ್ರಿಪ್ಪಿಗೆ ತಿಂಗಳ ನಡಿಗಿ!

ದಾರಿಯಾಗ ಒಬ್ಬೊಬ್ಬರ ಕೈಯಾಗೂ ಒಂದೊಂದು ಗಡಿಗಿ. ಅವರವರ ಅಡುಗಿ ಅವರವರಿಗೆ.

ಗುಡಿ ಕಂಡಾಗ ಅವ ಅಳತಿಗೆ ತನ್ನೂರನ್ನ ತಂದ. ಅರ್ಧ ತ್ವೇರ್‌ನಷ್ಟು ದೊಡ್ಡದು ಅಂದ. ಸುತ್ತಲೂ ಕಲ್ಲಿನ ಮ್ಯಾಲೆ 12 ಸಾಲು ಕೆತ್ತನೆ, ದೇವರ ಪವಾಡಗಳೆಲ್ಲಾ ಅದರಾಗ. ಇವತ್ತೂ ಶ್ರೀಶೈಲಕ್ಕ ಹೋದ್ರ ಹೊರಗೋಡೆ ತುಂಬ ಸಾಲು ಸಾಲು ಕೆತ್ತನೆ ಕಾಣ್ತದ. ದರ್ಶನದ ಕ್ಯೂಗೆ ಓಡೋ ಗಡಿಬಿಡಿಯಾಗ ಅದನ್ನ ಬಿಡಬ್ಯಾಡ್ರಿ. ಕೈ ಎತ್ತಿ ನಿಂತ ಮೂರ್ತಿ ಕಂಡು ಅವನಿಗೆ ಕಾನ್‌ಸ್ಟಾಂಟಿನೋಪಲ್‌ನ ಜಸ್ಟಿನಿಯನ್ ಚಕ್ರವರ್ತಿಯ ಪ್ರತಿಮೆ ನೆನಪಾತು. ಮುಂದ ಕರಿಕಲ್ಲಿನ ದೊಡ್ಡ ಬಸವಣ್ಣ, ಮೈತುಂಬ ಚಿನ್ನದ ಲೇಪ. ಮಂದಿ ಅದರ ಗೊರಸಿಗೆ ಮುತ್ತು ಕೊಟ್ಟು ಹೂ ಚೆಲ್ತಿದ್ರು. ಗಂಡಸರು ಹೆಂಗಸರು ತಲಿಗೂದಲು ತೆಗಿಸ್ತಿದ್ರು. ಒಬ್ಬೊಬ್ಬರಿಂದನೂ ತೆರಿಗಿ ವಸೂಲಿ ನಡೆದಿತ್ತು, ಅದನ್ನೂ ಬರೆದಾನ, ವ್ಯಾಪಾರಿ ನೋಡ್ರಿ. ಮಂದಿ ಎಷ್ಟಿದ್ರು ಅನ್ನೋ ಅವನ ಅಂಕಿ ಮಾತ್ರ ಕೋಟಿ ಕೋಟಿಗೆ ಹೋಗ್ತದ. ಜಾತ್ರಿ ಗದ್ದಲದಾಗ ಯಾರಿಗೂ ಲೆಕ್ಕ ಸರಿಯಾಗಿ ಸಿಗೋದಿಲ್ಲ.

ಇದನ್ನ ಹೇಳೋವಾಗ ಅವ ಬಳಸಿದ ಹೋಲಿಕೆ ನನಗ ಬಹಳ ಸೇರ್ತದ. ಪರ್ವತ ಅಂದ್ರ ಇವರ ಜೆರುಸಲೇಮ್ ಅಂದ, ಮುಸ್ಲಿಮರಿಗೆ ಮೆಕ್ಕಾ ಹೆಂಗೋ ಹಂಗ ಅಂದ. ಹೀಯಾಳಿಸಲಿಲ್ಲ. ತನಗ ಎಲ್ಲಕ್ಕಿಂತ ಪವಿತ್ರ ಅನ್ನಿಸೋ ಊರಿನ ಹೆಸರು ತೆಗೆದು ದೋಸ್ತರ ಊರಿಗೆ ಕೊಟ್ಟ.

ಭಾಗ 7

ಈಗ ಆ ಗಡಿಗಿ ಮಾತಿಗೆ ಬರ್ತೀನಿ.

ಈ ದೇಶದಾಗ 84 ನಂಬಿಕೆ ಅದಾವ ಅಂತ ನಿಕಿತಿನ್‌ಗೆ ಹೇಳಿದ್ರು. ಒಂದು ಗುಂಪಿನವರು ಇನ್ನೊಂದು ಗುಂಪಿನವರ ಜೊತಿ ಉಣ್ಣೋದಿಲ್ಲ, ಕುಡಿಯೋದಿಲ್ಲ, ಮದುವಿ ಮಾಡೋದಿಲ್ಲ ಅಂತ ಅವ ಗುರುತು ಹಾಕ್ಕೊಂಡ. ಅವ ನಂಬಿಕೆ ಅಂದದ್ದು ಬಹಳ ಮಟ್ಟಿಗೆ ಜಾತಿಗೆ. ಒಂದೇ ದಾರಿ, ಒಂದೇ ದೇವರು, ಗಡಿಗಿ ಮಾತ್ರ ಬ್ಯಾರೆ ಬ್ಯಾರೆ.

ಅದೇ ನಮ್ಮ ಜಿಲ್ಲೆಯ ಬಸವಕಲ್ಯಾಣದಾಗ, ಅವಗಿಂತ 300 ವರ್ಷ ಮೊದಲು, ಈ ಗಡಿಗಿ ಒಡೆಯೋ ಕೆಲಸ ನಡೆದಿತ್ತು. ಬಿಜ್ಜಳನ ಕಾಲ. ಬ್ರಾಹ್ಮಣ ಮೂಲದ ಮಧುವರಸನ ಮಗಳು, ಸಮಗಾರ ಹರಳಯ್ಯನ ಮಗ, ಇವರಿಬ್ಬರ ಮದುವಿ ಆತು. ಅದಕ್ಕ ಅಪ್ಪಂದಿರಿಬ್ಬರಿಗೂ ಆನಿ ಕಾಲಿಗೆ ಕಟ್ಟಿ ಎಳೆಸಿದ್ರು ಅಂತ ಶರಣರ ಪರಂಪರೆ ಹೇಳ್ತದ. ಶರಣರು ದಿಕ್ಕಾಪಾಲಾದ್ರು. ಅಕ್ಕಮಹಾದೇವಿ ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ನಡೆದು ಹೋಗಿದ್ದೂ ಇದೇ ಸೀಮಿಯಿಂದ, ಅದೇ ದಿಕ್ಕಿಗೆ.

300 ವರ್ಷ ಆದ ಮ್ಯಾಲೆ ಅದೇ ದಿಕ್ಕಿಗೆ ನಡೆದ ಮಂದಿಯ ಕೈಯಾಗ ಮತ್ತ ಬ್ಯಾರೆ ಬ್ಯಾರೆ ಗಡಿಗಿ. ಇದನ್ನ ನೋಡಿ ಬರೆದಿಡೋದಕ್ಕ ತ್ವೇರ್‌ನಿಂದ ಒಬ್ಬವ ಬರಬೇಕಾತು. ಪರೀಕ್ಷೆಯಾಗ ಕಲ್ಯಾಣ ಕ್ರಾಂತಿ ಅಂತ ಐದು ಅಂಕಕ್ಕ ಬರೀತೀವಲ್ಲ, ಆ ಉತ್ತರದ ಕೊನೆಗೆ ಈ ಸಾಲು ಸೇರಿಸಬೇಕು ಅಂತ ನನಗ ಅನ್ನಿಸ್ತದ. ಮುಗೀತು ಅಂದ್ಕೊಂಡಿದ್ದು ಮುಗಿದಿರಲಿಲ್ಲ.

ಭಾಗ 8

ಶ್ರೀಶೈಲದಿಂದ ಬೀದರ್‌ಗೆ ತಿರುಗಿ ಬಂದ. ಈಸ್ಟರ್ ಎಂದು ಅಂತ ಅವನಿಗೆ ಗೊತ್ತಿಲ್ಲ. ವೋಲ್ಗಾದಾಗ ಕಳೆದ್ವಲ್ಲ ಆ ಪುಸ್ತಕಗಳು, ಹಬ್ಬದ ಲೆಕ್ಕನೂ ಅವುಗಳ ಜೊತಿನೇ ಹೋತು. ಮುಸ್ಲಿಮರ ಹಬ್ಬ ನೋಡಿ ಅದಕ್ಕ ಒಂಬತ್ತೋ ಹತ್ತೋ ದಿನ ಮೊದಲು ಅಂತ ಅಂದಾಜು ಹಾಕ್ದ. ಹಬ್ಬದ ರಾತ್ರಿ ಬೀದರ್‌ನ ಆಕಾಶ ನೋಡಿದ. ಕೃತ್ತಿಕಾ ನಕ್ಷತ್ರ ಬೆಳಕಿನಾಗ ಕರಗೋದು, ಸಪ್ತರ್ಷಿಯ ತಲಿ ಮೂಡಣಕ್ಕ ಇರೋದು ಬರೆದಿಟ್ಟ. ಮಳಿಗಾಲ ಬಿಟ್ಟು ಯಾವಾಗಾದ್ರೂ ಭಾತಂಬ್ರಾ ಕೋಟೆ ಕಡೆ ಲೈಟ್ ಇಲ್ಲದ ಜಾಗಕ್ಕ ಹೋಗಿ ನಿಲ್ಲ್ರಿ, ಆ ಎರಡೂ ಬರಿಗಣ್ಣಿಗೆ ಸಿಗ್ತಾವ.

ಮನಸ್ಸಿನಾಗಿನ ಮಾತು ಬರೆಯುವಾಗ ಅವ ರಷ್ಯನ್ ಬಿಟ್ಟು ತುರ್ಕಿ, ಪರ್ಶಿಯನ್, ಅರಬ್ಬಿ ಕಲಸಿ ಬರೀತಾನ. ರಷ್ಯಾದಂಥ ನಾಡು ಇನ್ನೊಂದಿಲ್ಲ, ಆದ್ರ ಅಲ್ಲಿ ದೊಡ್ಡ ಮಂದಿಗೆ ನ್ಯಾಯ ಇಲ್ಲ ಅನ್ನೋ ಮಾತು ಹಿಂಗೇ ಕಲಬೆರಕೆ ಭಾಷೆಯಾಗ ಅದ. ಕನ್ನಡ, ಮರಾಠಿ, ಉರ್ದು ಒಂದೇ ವಾಕ್ಯದಾಗ ಆಡೋ ನಮಗ ಇದು ಏನು ಹೊಸದಲ್ಲ.

ಮುಂದ ಸಮುದ್ರ ದಾಟಿ, ಕಪ್ಪು ಸಮುದ್ರದ ದಾರಿ ಹಿಡಿದು ಹೋದ. ಸ್ಮೊಲೆನ್ಸ್ಕ್ ಮುಟ್ಟೋ ಮೊದಲೇ ತೀರಿಕೊಂಡ, ತ್ವೇರ್ ನೋಡಲಿಲ್ಲ. ಗವಾನನೂ 1481ರಾಗ ಸುಲ್ತಾನನ ಆಜ್ಞೆಗೆ ತಲಿ ಕೊಟ್ಟ. 1957ಕ್ಕ ಈ ಕಥೆ ಮ್ಯಾಲೆ ಹಿಂದಿಯಾಗ 'ಪರದೇಸಿ' ಅಂತ ಸಿನಿಮಾ ಬಂತು. ನರ್ಗಿಸ್ ಜೊತಿ ಪ್ರೇಮಕಥೆ ಸೇರಿಸಿದ್ರು, ಅದು ಪುಸ್ತಕದಾಗ ಇಲ್ಲ. ಗೆಳೆಯನ ಪಾತ್ರಕ್ಕ ಬಲರಾಜ್ ಸಾಹ್ನಿ.

ಆದ್ರ ಖರೇ ಗೆಳೆಯರು? ಕುದುರೆ ಕಸಗೊಂಡವನ ಹೆಸರು ಪುಸ್ತಕದಾಗ ಅದ. ಬಿಡಿಸಿ ತಂದವನ ಹೆಸರೂ ಅದ. ಗಡಿಗಿ ಮ್ಯಾಲಿನ ಬಟ್ಟಿ ತೆಗೆದು ತಿಂಗಳಗಟ್ಟಲೆ ಜೊತಿ ನಡೆದ ಬೀದರ್‌ನವರ ಹೆಸರು ಒಂದೂ ಇಲ್ಲ.

ಶ್ರೀಶೈಲಕ್ಕ ನಡೆದು ಹೋದವರು ನಿಮ್ಮ ಓಣಿಯಾಗೂ ಇರ್ತಾರ. ಯಾರ ಜೊತಿ ಹೋಗಿದ್ರು, ದಾರಿಯಾಗ ಯಾರ ಗಡಿಗಿಯಿಂದ ಉಂಡ್ರು ಅಂತ ಕೇಳಿ ಬರ್ರಿ. ಹೆಸರು ಬರ್ಕೊಂಡು ಬರ್ರಿ.