ಕೋಡಿ ಬೆಂಗ್ರೆ: ಕಡಲು ನೋಡಲು ಹೋಗುವವರು ತಿಳಿದಿರಬೇಕಾದ ವಿಷಯಗಳು

ಉಡುಪಿ ಜಿಲ್ಲೆ ಬ್ರಹ್ಮಾವರ ತಾಲೂಕಿನ ಕೋಡಿ ಬೆಂಗ್ರೆಗೆ ಈಗ ರೀಲ್ಸ್‌ನಲ್ಲಿ ‘ಡೆಲ್ಟಾ ಬೀಚ್’ ಅಂತ ಹೆಸರು. ಊರಿನವರಿಗೆ ಅದು ದೋಣಿ ಎಳೆದಿಡುವ, ಬಲೆ ಹರಡುವ ಜಾಗ. ಪಶ್ಚಿಮಕ್ಕೆ ಅರಬ್ಬಿ ಸಮುದ್ರ, ಪೂರ್ವಕ್ಕೆ ಸುವರ್ಣಾ ಹೊಳೆ, ನಡುವೆ ಉದ್ದಕ್ಕೆ ಚಾಚಿದ ಮರಳಿನ ಪಟ್ಟಿ. ಅದರ ಉತ್ತರದ ತುದಿಯಲ್ಲಿ ಸೀತಾ ಮತ್ತು ಸುವರ್ಣಾ ಎರಡೂ ಸೇರಿ ಕಡಲಿಗೆ ಬೀಳ್ತವೆ. ಕೆಲವು ಕಡೆ ರಸ್ತೆಯಲ್ಲೇ ನಿಂತರೆ ಒಂದು ಬದಿ ಅಲೆ, ಇನ್ನೊಂದು ಬದಿ ಅಲ್ಲಾಡದ ಹೊಳೆ ನೀರು ಕಾಣುತ್ತದೆ.

ಮಲ್ಪೆಯ ಹಾಗೆ ಇಲ್ಲಿ ಜಾತ್ರೆ ಇಲ್ಲ. ವಾರದ ದಿನ ಬೆಳಿಗ್ಗೆ ಹೋದರೆ ಮೀನುಗಾರರು, ನಾಯಿಗಳು, ಕಾಗೆಗಳು, ಅಷ್ಟೇ. ಶನಿವಾರ, ಭಾನುವಾರ ಸಂಜೆಯ ಕತೆ ಬೇರೆ. ರಸ್ತೆ ಅಗಲ ಕಡಿಮೆ, ಎದುರಿನಿಂದ ಎರಡು ಟೆಂಪೊ ಟ್ರಾವೆಲರ್ ಬಂದರೆ ಸಾಕು, ಮೀನಿನ ಗಾಡಿ ಅರ್ಧ ಗಂಟೆ ನಿಲ್ಲಬೇಕಾಗ್ತದೆ. ಐಸ್ ಕರಗುವುದು ಯಾರ ಲೆಕ್ಕಕ್ಕೆ ಅಂತ ಪ್ರವಾಸಿಗರಿಗೆ ಗೊತ್ತಿರುವುದಿಲ್ಲ.

ಯಾವ ಕೋಡಿ, ಯಾವ ಬೆಂಗ್ರೆ

ಮ್ಯಾಪ್ ಹಾಕಿ ಹೊರಟವರು ತಪ್ಪುವುದು ಇಲ್ಲೇ. ಕರಾವಳಿಯಲ್ಲಿ ಬೆಂಗ್ರೆ ಅಂದರೆ ಹೊಳೆ ಮತ್ತು ಕಡಲಿನ ನಡುವೆ ಉಳಿದ ಮರಳಿನ ಜಾಗ. ಮಂಗಳೂರಿನ ಅಳಿವೆ ಪಕ್ಕದಲ್ಲೂ ಕಸಬಾ ಬೆಂಗ್ರೆ, ತೋಟ ಬೆಂಗ್ರೆ ಉಂಟು. ಕೋಡಿ ಅಂದರೆ ತುದಿ. ಕುಂದಾಪುರದಲ್ಲಿ ಲೈಟ್‌ಹೌಸ್ ಇರುವ ಕೋಡಿ ಒಂದು, ಅದು ಪಂಚಗಂಗಾವಳಿಯ ಅಳಿವೆ. ಹಂಗಾರಕಟ್ಟೆ ಹತ್ತಿರದ ಕೋಡಿ ಕನ್ಯಾಣ ಇನ್ನೊಂದು. ಕೋಡಿ ಬೆಂಗ್ರೆ ಈ ಎರಡೂ ಅಲ್ಲ, ಆದರೆ ಕೋಡಿ ಕನ್ಯಾಣದ ಎದುರು ದಡ. ಇತ್ತೀಚಿನ ವರ್ಷಗಳಲ್ಲಿ ಕಡಲಾಮೆ ಮೊಟ್ಟೆ ಇಟ್ಟ ಸುದ್ದಿ ಬರುವುದು ಕುಂದಾಪುರದ ಕೋಡಿಯಿಂದ. ಅದನ್ನು ಓದಿ ಬೆಂಗ್ರೆಗೆ ಬಂದು ಆಮೆ ಎಲ್ಲಿ ಅಂತ ಕೇಳಿದರೆ ಊರಿನವರು ನಗ್ತಾರೆ.

ಊರು ಕೋಡಿ ಗ್ರಾಮ ಪಂಚಾಯತ್ ವ್ಯಾಪ್ತಿಗೆ ಸೇರುತ್ತದೆ, ಪಂಚಾಯತ್ ಇರುವುದು ಹೊಳೆಯ ಆಚೆ. ಕಾಗದಪತ್ರದ ಕೆಲಸಕ್ಕೆ ಜನ ನೀರು ದಾಟಬೇಕು, ಇಲ್ಲವೇ ಕೆಮ್ಮಣ್ಣು, ಸಂತೆಕಟ್ಟೆ, ಬ್ರಹ್ಮಾವರ, ಮಾಬುಕಳ ಅಂತ 25 ಕಿ.ಮೀ.ಗಿಂತ ಹೆಚ್ಚು ಸುತ್ತಬೇಕು. ಕಣ್ಣಿಗೆ ಕಾಣುವ ದಡ, ಕೂಗಿದರೆ ಕೇಳುವಷ್ಟು ಹತ್ತಿರ. ಬೀಚಿನ ಕಸದ ಬಗ್ಗೆ, ಪಾರ್ಕಿಂಗ್ ಬಗ್ಗೆ ದೂರು ಕೊಡುವವರೂ ಇದನ್ನು ನೆನಪಿಡಬೇಕು.

ಹೋಗುವ ದಾರಿ

ಉಡುಪಿ ಕಡೆಯಿಂದ ರಾಷ್ಟ್ರೀಯ ಹೆದ್ದಾರಿ 66ರ ಸಂತೆಕಟ್ಟೆಯಲ್ಲಿ ಪಶ್ಚಿಮಕ್ಕೆ ತಿರುಗಿ ಕೆಮ್ಮಣ್ಣು, ಹೂಡೆ ದಾಟಿದರೆ ಬೆಂಗ್ರೆ. ಮಲ್ಪೆಯಿಂದ ತೊಟ್ಟಂ, ಬಡಾನಿಡಿಯೂರು, ಹೂಡೆ ಮೂಲಕ ಕರಾವಳಿ ರಸ್ತೆಯಲ್ಲೇ ಬರಬಹುದು. ಕುಂದಾಪುರ ಕಡೆಯವರು ಮಾಬುಕಳದಲ್ಲಿ ತಿರುಗಿ ಹಂಗಾರಕಟ್ಟೆಗೆ ಬಂದು ಹೊಳೆ ದಾಟುವುದು ಹತ್ತಿರದ ದಾರಿ. ಮಳೆ, ಗಾಳಿ, ರಿಪೇರಿ ಇದ್ದಾಗ ದಾಟಿಸುವುದು ನಿಲ್ತದೆ. ಹೊರಡುವ ಮೊದಲು ಅಲ್ಲಿಯವರಿಗೆ ಫೋನ್ ಮಾಡಿ ಕೇಳುವುದು ಒಳ್ಳೆಯದು. ವಾಪಸ್ ಹೋಗುವ ಕೊನೆಯ ಟ್ರಿಪ್ ಎಷ್ಟು ಹೊತ್ತಿಗೆ ಅಂತ ಬರುವಾಗಲೇ ತಿಳಿದುಕೊಳ್ಳಬೇಕು, ಸೂರ್ಯಾಸ್ತ ನೋಡಿ ಆಮೇಲೆ ಕೇಳಿದರೆ ಆಗುವುದಿಲ್ಲ.

ಹಂಗಾರಕಟ್ಟೆ ಸಾಮಾನ್ಯ ಜಾಗ ಅಲ್ಲ. ಆಳುಪರ ರಾಜಧಾನಿಯಾಗಿದ್ದ ಬಾರಕೂರಿಗೆ ಸಮುದ್ರದ ಬಾಗಿಲು ಇದೇ ಅಳಿವೆ ಆಗಿತ್ತು. ದೋಣಿಯಲ್ಲಿ ದಾಟುವಾಗ ಸುತ್ತ ಕಾಣುವ ಕುದ್ರುಗಳು, ಅಂಚಿನ ಕಾಂಡ್ಲಾ ಗಿಡಗಳ ನಡುವೆ ಈಗ ಕಯಾಕಿಂಗ್ ನಡೆಯುತ್ತದೆ.

ಮರಳಿನ ಮೇಲೆ ನಡೆಯುವ ಕೆಲಸ

ಬೆಂಗ್ರೆಯ ಮುಖ್ಯ ಜನ ಮೊಗವೀರರು. ಇಲ್ಲಿ ನಾಡದೋಣಿ, ಬೀಸುಬಲೆ, ಮಾಟುಬಲೆ, ಕೈರಂಪಣಿ ಎಲ್ಲ ಕೇಳಿ ಬರುವ ಹೆಸರುಗಳೇ. ಇದರಲ್ಲಿ ಹೊರಗಿನವರು ನೋಡಲೇಬೇಕಾದ್ದು ಕೈರಂಪಣಿ. ದೋಣಿಯಲ್ಲಿ ಬಲೆಯನ್ನು ಅರ್ಧ ಚಂದ್ರದ ಹಾಗೆ ಕಡಲಿಗೆ ಬಿಟ್ಟು ಬರ್ತಾರೆ. ಬಲೆಯ ಎರಡು ತುದಿಯ ಹಗ್ಗ ದಡದಲ್ಲಿ ಎರಡು ಸಾಲು ಜನರ ಕೈಯಲ್ಲಿ. ಹಿಂದೆ ಹಿಂದೆ ನಡೆದು ಎಳೀತಾರೆ, ಎರಡು ಸಾಲೂ ನಿಧಾನಕ್ಕೆ ಹತ್ತಿರ ಬರುತ್ತದೆ. ಬಲೆಯ ಚೀಲ ದಡ ಮುಟ್ಟುವಾಗ ಹದ್ದು, ಕಾಗೆ, ಮಕ್ಕಳು ಎಲ್ಲ ಹಾಜರ್. ಸಿಗುವುದು ಬೂತಾಯಿ, ಬಂಗುಡೆ, ಬೊಲೆಂಜಿರ್, ಒಮ್ಮೊಮ್ಮೆ ಸೀಗಡಿ. ಒಮ್ಮೊಮ್ಮೆ ಬರೀ ಕಸ.

ಇದರ ದೊಡ್ಡಣ್ಣ ರಂಪಣಿ. 1 ಬಲೆ ಎಳೆಯಲು ಹತ್ತಾರು ಜನ ಬೇಕಾಗಿದ್ದ ಕಾಲ ಅದು, ಊರಿಗೆ ಊರೇ ಒಂದು ರಂಪಣಿಯ ಪಾಲುದಾರ. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಬಂದವು. ದಡಕ್ಕೆ ಬರುವ ಮೊದಲೇ ಬೂತಾಯಿ, ಬಂಗುಡೆಯ ಹಿಂಡನ್ನು ಆಳದಲ್ಲೇ ಸುತ್ತಿ ಹಿಡಿಯುವ ಬಲೆ ಅದು. ಕೆಲವೇ ವರ್ಷದಲ್ಲಿ ರಂಪಣಿ ಮೂಲೆ ಸೇರಿತು. ಉಳಿದದ್ದು ಈ ಸಣ್ಣ ಕೈರಂಪಣಿ. ಹಾಗಾಗಿ ಇದನ್ನು ‘ಪ್ರವಾಸಿಗರಿಗಾಗಿ ಶೋ’ ಅಂತ ಅಂದುಕೊಳ್ಳುವುದು ತಪ್ಪು. ಆ ದಿನದ ಪಾಲು ಆ ಬಲೆಯಲ್ಲೇ ಇರ್ತದೆ.

ಹಗ್ಗ ಹಿಡಿಯಲು ಕೈ ಕೊಡ್ತೇನೆ ಅಂತ ಕೇಳಿದರೆ ಬೇಡ ಅನ್ನುವವರು ಕಡಿಮೆ. ಬಲೆ ಎಳೆದವರಿಗೆ ಪದಾರ್ಥಕ್ಕೆ ಆಗುವಷ್ಟು ಮೀನು ಕೊಟ್ಟು ಕಳಿಸುವುದೂ ಉಂಟು. ಕೇಳದೆ ನುಗ್ಗುವುದು, ಡ್ರೋನ್ ಹಾರಿಸುವುದು, ಹರಡಿದ ಬಲೆ ಮೇಲೆ ಚಪ್ಪಲಿ ಹಾಕಿ ನಡೆಯುವುದು, ದೋಣಿ ಮೇಲೆ ಹತ್ತಿ ಫೋಟೊ ತೆಗೆಸಿಕೊಳ್ಳುವುದು, ಇದಕ್ಕೆಲ್ಲ ಬೈಗುಳ ಗ್ಯಾರಂಟಿ.

ಆದರೆ ಇದೆಲ್ಲಕ್ಕಿಂತ ದೊಡ್ಡ ತೊಂದರೆ ಬಾಟಲಿ. ಕೈರಂಪಣಿ ಎಳೆಯುವವರು ಬರಿಗಾಲಲ್ಲಿ, ಹಿಂದಕ್ಕೆ ನಡೀತಾ, ಕಣ್ಣು ಕಡಲ ಮೇಲೆ ಇಟ್ಟು ಎಳೀತಾರೆ. ಕಾಲ ಕೆಳಗೆ ಏನುಂಟು ಅಂತ ನೋಡುವ ಹಾಗಿಲ್ಲ. ರಾತ್ರಿ ಯಾರೋ ಒಡೆದು ಹೋದ ಬಿಯರ್ ಬಾಟಲಿಯ ಚೂರು ಮರಳಲ್ಲಿ ಹುಗಿದು ಕೂತಿರ್ತದೆ. ಹಿಮ್ಮಡಿ ಸೀಳಿದರೆ ಉಪ್ಪು ನೀರಿನ ಕೆಲಸಕ್ಕೆ ಹಲವು ದಿನ ಇಳಿಯುವಂತಿಲ್ಲ. ಕಡಲಿಗೆ ಹೋಗದ ದಿನ ಪಾಲೂ ಇಲ್ಲ. ಬಲೆಗೆ ಸಿಕ್ಕಿದರೆ ಬಲೆಯೂ ಹರಿಯುತ್ತದೆ, ಹರಿದ ಬಲೆ ನೇಯಲು ಕೂತವನಿಗೂ ಆ ದಿನದ ದುಡಿಮೆ ಇಲ್ಲ.

ಅಳಿವೆ ಬಾಗಿಲು: ಇಳಿಯುವ ಜಾಗ ಅಲ್ಲ

ಹೊಳೆ ಕಡಲಿಗೆ ಸೇರುವ ತುದಿ ನೋಡಲು ಚಂದ, ನೀರು ಶಾಂತ. ಅಲೆ ಇಲ್ಲದ್ದನ್ನು ನೋಡಿ ಘಟ್ಟದ ಮೇಲಿನಿಂದ ಬಂದವರು ಇಳೀತಾರೆ. ಇಳಿತದ ಹೊತ್ತಿಗೆ ಎರಡು ಹೊಳೆಯ ನೀರು ಒಂದೇ ಬಾಗಿಲಲ್ಲಿ ಹೊರಗೆ ಓಡುತ್ತದೆ, ಈಜು ಬಲ್ಲವರನ್ನೂ ಎಳೆದೊಯ್ಯುತ್ತದೆ. ಅಡಿಯ ಮರಳು ದಿಬ್ಬ ಪ್ರತಿ ಮಳೆಗಾಲಕ್ಕೆ ಜಾಗ ಬದಲಿಸುತ್ತದೆ. ಮೊಣಕಾಲು ನೀರಿದ್ದ ಕಡೆ ಮುಂದಿನ ಹೆಜ್ಜೆ ಆಳ. ಮೀನುಗಾರರೇ ಲೆಕ್ಕ ಹಾಕಿ ದಾಟುವ ಬಾಗಿಲು ಇದು.

ಕಡಲ ಬದಿಯಲ್ಲೂ ಹಾಗೆಯೇ. ಎರಡು ಕಡೆ ಅಲೆ ಒಡೆದು ನಡುವೆ ಒಂದು ಪಟ್ಟಿ ಮಾತ್ರ ಸುಮ್ಮನೆ ಕಂಡರೆ ಅದು ಸೇಫ್ ಜಾಗ ಅಲ್ಲ, ನೀರು ಹಿಂದೆ ಹೋಗುವ ದಾರಿ. ಅದರಲ್ಲಿ ಸಿಕ್ಕಿದವರು ದಡಕ್ಕೆ ನೇರವಾಗಿ ಈಜಿ ಸುಸ್ತಾಗ್ತಾರೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಆಮೇಲೆ ಅಲೆಯ ಜೊತೆ ಬರಬೇಕು. ತುರ್ತಿಗೆ 112, ಕರಾವಳಿ ಕಾವಲು ಪೊಲೀಸರಿಗೆ 1093. ಬಾಡಿಗೆ ದೋಣಿ ಹತ್ತುವವರು ಲೈಫ್ ಜಾಕೆಟ್ ಕೇಳಿ ಹಾಕಿಕೊಳ್ಳಬೇಕು, ಬಕಲ್ ಸಮೇತ. ತೊಡೆ ಮೇಲೆ ಇಟ್ಟುಕೊಂಡ ಜಾಕೆಟ್ ದೋಣಿ ಮಗುಚಿದಾಗ ಕೈಗೆ ಸಿಗುವುದಿಲ್ಲ.

ಯಾವಾಗ ಹೋಗಬೇಕು

ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯ ಸಮಯ. ಮಾರ್ಚ್ ಆದ ಮೇಲೆ 10 ಗಂಟೆಗೇ ಮರಳು ಸುಡುತ್ತದೆ, ನೆರಳು ಅಂದರೆ ಅಲ್ಲಲ್ಲಿ ಗಾಳಿಮರ, ತೆಂಗು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಆಗ ನಾಡದೋಣಿಯವರ ಸೀಸನ್. 10 ಅಶ್ವಶಕ್ತಿವರೆಗಿನ ಎಂಜಿನ್ ಹಾಕಿದ ದೋಣಿಗಳಿಗೆ ಅನುಮತಿ ಉಂಟು. ಗಾಳಿ ಎದ್ದು ಕಡಲು ಕದಡಿದರೆ ಇಲ್ಲಿಯವರು ‘ತೂಫಾನ್ ಆಗಬೇಕು’ ಅಂತಲೇ ಕಾಯ್ತಾರೆ, ಕೆಸರು ಎದ್ದ ನೀರಲ್ಲಿ ಸೀಗಡಿ, ಮೀನು ದಡದ ಹತ್ತಿರ ಬರುತ್ತದೆ. ಮಳೆಗಾಲದಲ್ಲಿ ಬರುವವರು ದೂರದಿಂದ ನೋಡಿ ಹೋಗುವುದೇ ಸರಿ. ಕಡಲ್ಕೊರೆತಕ್ಕೆ ಹಾಕಿದ ಕಲ್ಲುಗಳ ಮೇಲೆ ನಿಂತು ಸೆಲ್ಫಿ ತೆಗೆಯುವುದು ಬೇಡ, ಪಾಚಿ ಜಾರುತ್ತದೆ.

ಅಂಗಡಿಯವರಿಗೆ

ಹೂಡೆ, ಕೆಮ್ಮಣ್ಣು, ಹಂಗಾರಕಟ್ಟೆಯ ಅಂಗಡಿಗಳಿಗೆ ಈ ಜನರಿಂದ ವ್ಯಾಪಾರ ಇದೆ, ಇನ್ನೂ ಆಗಬಹುದು. ಬೀಚಿಗೆ ಹೋಗುವವರು ದಾರಿಯಲ್ಲೇ ನೀರು, ತಿಂಡಿ ಕಟ್ಟಿಸಿಕೊಳ್ತಾರೆ. ಅದರ ಬಾಟಲಿ, ಕವರ್ ಕೊನೆಗೆ ಉಳಿಯುವುದು ಬೆಂಗ್ರೆಯ ಮರಳಲ್ಲಿ, ಅಲ್ಲಿಂದ ಬಲೆಯಲ್ಲಿ. ರಾಜ್ಯದಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ 2016ರಿಂದಲೇ ನಿಷೇಧ, ಏಕಬಳಕೆಯ ಲೋಟ, ಸ್ಟ್ರಾ, ತಟ್ಟೆಗೆ 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧ. ಕಾನೂನು ಬಿಡಿ, ಖಾಲಿ ಬಾಟಲಿ ವಾಪಸ್ ತಂದವರಿಗೆ ಎರಡು ರೂಪಾಯಿ ಕೊಡುವ ಅಂಗಡಿ ಒಂದಾದರೂ ಈ ದಾರಿಯಲ್ಲಿ ಇದ್ದರೆ ಗಿರಾಕಿ ವಾಪಸ್ ಬರುವಾಗಲೂ ಅಲ್ಲೇ ನಿಲ್ತಾನೆ. ಕಡಲ ಬದಿಯಲ್ಲಿ ಶೆಡ್ ಹಾಕುವ ಯೋಚನೆ ಇರುವವರು ಸಿಆರ್‌ಝಡ್ ನಿಯಮ ಕೇಳಿಕೊಂಡು ಹಾಕಬೇಕು, ಹಾಕಿದ ಮೇಲೆ ಕೇಳಿದರೆ ನಷ್ಟ.

ನೀರಿನ ವಿಷಯ ಒಂದು. ಕಡಲು, ಹೊಳೆ ಎರಡರ ನಡುವಿನ ಜಾಗದಲ್ಲಿ ಬೇಸಿಗೆಗೆ ಬಾವಿ ನೀರು ಉಪ್ಪಾಗುವುದು ಮಾಮೂಲಿ. ಸ್ನಾನಕ್ಕೆ, ಕಾಲಿನ ಮರಳು ತೊಳೆಯಲಿಕ್ಕೆ ಮನೆಗಳ ಬಾವಿ ಕೇಳುವವರು ಇದನ್ನು ಯೋಚಿಸಬೇಕು. ಎರಡು ಕ್ಯಾನ್ ನೀರು ಕಾರಲ್ಲೇ ತಂದರೆ ಯಾರಿಗೂ ಕಿರಿಕಿರಿ ಇಲ್ಲ.

ಮೀನು ತಗೊಳ್ಳುವುದಾದರೆ

ಬೆಳಿಗ್ಗೆ ದೋಣಿ ಬಂದ ಹೊತ್ತಿಗೆ ದಡದಲ್ಲೇ ಸಿಗಬಹುದು. ಅಂಜಲ್, ಮಾಂಜಿ ಸಿಕ್ಕಿದರೆ ಅದು ಮೊದಲು ವ್ಯಾಪಾರಿಗಳ ಪಾಲು. ಬಂಗುಡೆ, ಬೂತಾಯಿ, ನಂಗ್, ಕಾಣೆ ಮನೆಗೆ ಕೊಂಡುಹೋಗಬಹುದು. ಇಳಿತದ ವೇಳೆ ಹೊಳೆಯಲ್ಲಿ ಹೆಕ್ಕಿದ ಮರುವಾಯಿಯೂ ಕೆಲವು ಸಲ ಇರ್ತದೆ. ಮೀನು ಮಾರುವ ಅಕ್ಕಂದಿರಲ್ಲಿ ‘ಕೆ.ಜಿ.ಗೆ ಎಷ್ಟು’ ಅಂತ ಕೇಳುವುದಕ್ಕಿಂತ ‘ನೂರಕ್ಕೆ ಎಷ್ಟು’ ಅಂತ ಕೇಳುವುದು ಇಲ್ಲಿಯ ಕ್ರಮ. ಸ್ವಲ್ಪ ಚೌಕಾಸಿ ನಡೀತದೆ, ಅರ್ಧಕ್ಕೆ ಇಳಿಸುವ ಚೌಕಾಸಿ ನಡೆಯುವುದಿಲ್ಲ. ಪ್ಲಾಸ್ಟಿಕ್ ಕವರ್ ಕೇಳದೆ ಮುಚ್ಚಳ ಇರುವ ಪಾತ್ರೆ ತಗೊಂಡು ಹೋದರೆ ಒಂದೆರಡು ಮೀನು ಜಾಸ್ತಿಯೇ ಬೀಳ್ತದೆ.