ನ್ಯೂಟ್‌ಗಳ ಮಿಶ್ರ ಸಾಕಣೆ

ನ್ಯೂಟ್‌ಗಳ ಮಿಶ್ರ ಸಾಕಣೆ ಎಂದರೆ ನ್ಯೂಟ್ ಗುಂಪಿನ ಎರಡು ಅಥವಾ ಹೆಚ್ಚು ಪ್ರಭೇದಗಳನ್ನು ಒಂದೇ ಗಾಜಿನ ತೊಟ್ಟಿಯಲ್ಲಿ ಸಾಕುವ ಕ್ರಮ. ನ್ಯೂಟ್‌ಗಳು ಸಲಮಾಂಡ್ರಿಡೇ ಕುಟುಂಬಕ್ಕೆ ಸೇರಿದ, ಬಾಲವುಳ್ಳ ಉಭಯಚರಗಳು. ಯುರೋಪ್, ಉತ್ತರ ಆಫ್ರಿಕ, ಏಷ್ಯಾ ಮತ್ತು ಉತ್ತರ ಅಮೆರಿಕಗಳಲ್ಲಿ ಇವು ಕಂಡುಬರುತ್ತವೆ. ನೋಡಲು ಹಲ್ಲಿಯನ್ನು ಹೋಲುತ್ತವೆಯಾದರೂ ಇವುಗಳ ಚರ್ಮದ ಮೇಲೆ ಹುರುಪೆಗಳಿರುವುದಿಲ್ಲ. ರೋಗ, ವಿಷ, ಕಚ್ಚಾಟ, ಉಷ್ಣತೆಯ ವ್ಯತ್ಯಾಸ ಮತ್ತು ಸಂಕರ ಎಂಬ ಕಾರಣಗಳಿಂದ ಮಿಶ್ರ ಸಾಕಣೆಯನ್ನು ಸಾಮಾನ್ಯವಾಗಿ ಸುರಕ್ಷಿತವೆಂದು ಪರಿಗಣಿಸುವುದಿಲ್ಲ.

ರೋಗದ ಅಪಾಯ

ಮಿಶ್ರ ಸಾಕಣೆಯ ಅತಿ ದೊಡ್ಡ ಅಪಾಯ ರೋಗ ಹರಡುವಿಕೆ. ಬ್ಯಾಟ್ರಕೋಕೈಟ್ರಿಯಂ ಸಲಮಾಂಡ್ರಿವೊರಾನ್ಸ್ ಎಂಬ ಶಿಲೀಂಧ್ರವು ಬಾಲವುಳ್ಳ ಉಭಯಚರಗಳ ಚರ್ಮವನ್ನು ಕೊರೆದು ಹುಣ್ಣು ಮಾಡುತ್ತದೆ. ನೆದರ್ಲೆಂಡ್ಸ್‌ನಲ್ಲಿ ಫೈರ್ ಸಲಮಾಂಡರ್‌ಗಳ ಸಂಖ್ಯೆ ಹಠಾತ್ತಾಗಿ ಕುಸಿದಾಗ ನಡೆದ ಸಂಶೋಧನೆಯ ಫಲವಾಗಿ, 2013ರಲ್ಲಿ ಈ ಶಿಲೀಂಧ್ರವನ್ನು ಹೊಸ ಪ್ರಭೇದವೆಂದು ವರ್ಣಿಸಲಾಯಿತು. ಇದರ ಮೂಲ ಏಷ್ಯಾ ಎಂದೂ, ಸಾಕುಪ್ರಾಣಿಗಳ ವ್ಯಾಪಾರದ ಮೂಲಕ ಇದು ಯುರೋಪನ್ನು ತಲುಪಿರಬಹುದೆಂದೂ 2014ರ ಅಧ್ಯಯನವು ಸೂಚಿಸಿತು.

ಏಷ್ಯಾದ ಕೆಲವು ನ್ಯೂಟ್‌ಗಳು ಸೋಂಕು ತಗುಲಿದ ಮೇಲೂ ಬದುಕುಳಿಯಬಲ್ಲವು. ಆದರೆ ಯುರೋಪಿನ ಆಲ್ಪೈನ್ ನ್ಯೂಟ್, ಅಮೆರಿಕದ ಒರಟು ಚರ್ಮದ ನ್ಯೂಟ್ ಮೊದಲಾದವಕ್ಕೆ ಅದೇ ಸೋಂಕು ಮಾರಕವಾಗಬಹುದು. ಹೀಗಾಗಿ ಹೊರನೋಟಕ್ಕೆ ಆರೋಗ್ಯವಾಗಿರುವ ಪ್ರಾಣಿಯೊಂದು ತೊಟ್ಟಿಯ ಇತರ ಪ್ರಾಣಿಗಳ ಸಾವಿಗೆ ಕಾರಣವಾಗುವ ಸಂಭವವಿದೆ. ಈ ರೋಗವನ್ನು ತಡೆಯುವ ಸಲುವಾಗಿ ಅಮೆರಿಕ ಸಂಯುಕ್ತ ಸಂಸ್ಥಾನವು 2016ರಲ್ಲಿ 201 ಸಲಮಾಂಡರ್ ಪ್ರಭೇದಗಳ ಆಮದನ್ನು ನಿರ್ಬಂಧಿಸಿತು. ನ್ಯೂಟ್‌ಗಳ ಹಲವು ಕುಲಗಳು ಈ ಪಟ್ಟಿಯಲ್ಲಿವೆ.

ಚರ್ಮದ ವಿಷ

ಅನೇಕ ನ್ಯೂಟ್‌ಗಳ ಚರ್ಮದಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ವಿಷವಿರುತ್ತದೆ. ಕ್ಯಾಲಿಫೋರ್ನಿಯಾದ ನ್ಯೂಟ್‌ನಲ್ಲಿ ದೊರೆತ ‘ಟಾರಿಕಟಾಕ್ಸಿನ್’ ಮತ್ತು ಪಫರ್ ಮೀನಿನ ವಿಷ ಎರಡೂ ಒಂದೇ ಎಂಬುದು 1964ರಲ್ಲಿ ಸಿದ್ಧವಾಯಿತು. ಈ ವಿಷವು ನರಗಳಲ್ಲಿನ ಸೋಡಿಯಂ ಮಾರ್ಗಗಳನ್ನು ಮುಚ್ಚಿ ಪಾರ್ಶ್ವವಾಯು ಉಂಟುಮಾಡುತ್ತದೆ. 1979ರಲ್ಲಿ ಒರೆಗಾನ್‌ನಲ್ಲಿ ಒರಟು ಚರ್ಮದ ನ್ಯೂಟನ್ನು ನುಂಗಿದ ವ್ಯಕ್ತಿಯೊಬ್ಬರು ಮೃತಪಟ್ಟಿದ್ದರು.

ವಿಷದ ಪ್ರಮಾಣ ಪ್ರಭೇದದಿಂದ ಪ್ರಭೇದಕ್ಕೆ, ಒಂದೇ ಪ್ರಭೇದದೊಳಗೆ ಪ್ರದೇಶದಿಂದ ಪ್ರದೇಶಕ್ಕೆ ಭಿನ್ನವಾಗಿರುತ್ತದೆ. ವಿಷವನ್ನು ತಾಳಿಕೊಳ್ಳುವ ಶಕ್ತಿಯೂ ಎಲ್ಲ ಪ್ರಾಣಿಗಳಿಗೆ ಸಮನಾಗಿರುವುದಿಲ್ಲ. ಆದ್ದರಿಂದ ವಿಷಯುಕ್ತ ಪ್ರಭೇದವನ್ನು ಕಚ್ಚುವ ಅಥವಾ ನುಂಗಲು ಯತ್ನಿಸುವ ಸಹವಾಸಿ ಅಪಾಯಕ್ಕೆ ಸಿಲುಕುತ್ತದೆ. ನ್ಯೂಟ್‌ಗಳನ್ನು ಮುಟ್ಟಿದ ನಂತರ ಕೈ ತೊಳೆಯುವುದು ಸಾಕಣೆದಾರರಿಗೂ ಅಗತ್ಯ.

ಗಾತ್ರ ಮತ್ತು ವರ್ತನೆ

ನ್ಯೂಟ್‌ಗಳು ಚಲನೆ ಮತ್ತು ವಾಸನೆಯ ಆಧಾರದಿಂದ ಆಹಾರವನ್ನು ಗುರುತಿಸುತ್ತವೆ. ಆಹಾರ ನೀಡುವ ಸಮಯದಲ್ಲಿ ಪಕ್ಕದ ಪ್ರಾಣಿಯ ಕಾಲು, ಬಾಲ ಅಥವಾ ಕಿವಿರನ್ನು ಕಚ್ಚುವುದು ಸಾಮಾನ್ಯ. ಐಬೀರಿಯದ ರಿಬ್ಡ್ ನ್ಯೂಟ್ ಸುಮಾರು 30 ಸೆಂ.ಮೀ. ಉದ್ದ ಬೆಳೆಯಬಲ್ಲದು, ಚೀನಾದ ಫೈರ್-ಬೆಲ್ಲಿಡ್ ನ್ಯೂಟ್ ಇದರ ಮೂರನೆಯ ಒಂದು ಭಾಗದಷ್ಟೂ ಇರದೆ, ದೊಡ್ಡದರ ಬಾಯಿಗೆ ತುತ್ತಾಗಬಹುದು. ಪ್ಯಾರಾಮೆಸೊಟ್ರಿಟಾನ್ ಕುಲದ ಗಂಡುಗಳು ತಮ್ಮ ನೆಲೆಯನ್ನು ಕಾಯ್ದುಕೊಳ್ಳುವ ಜಗಳಗಂಟ ಸ್ವಭಾವದವು. ನ್ಯೂಟ್‌ಗಳು ಕಳೆದುಕೊಂಡ ಅಂಗವನ್ನು ಮತ್ತೆ ಬೆಳೆಸಿಕೊಳ್ಳಬಲ್ಲವಾದರೂ, ತೆರೆದ ಗಾಯಕ್ಕೆ ಸೋಂಕು ತಗುಲಿ ಸಾಯುವ ಸಾಧ್ಯತೆ ಇದ್ದೇ ಇರುತ್ತದೆ.

ಇಂಗ್ಲೆಂಡಿನ ಕೊಳಗಳಲ್ಲಿ ಮೂರು ಸ್ಥಳೀಯ ಪ್ರಭೇದಗಳು ಒಟ್ಟಿಗೆ ವಾಸಿಸುವುದುಂಟು. ಇದನ್ನು ಮಿಶ್ರ ಸಾಕಣೆಯ ಸಮರ್ಥನೆಗೆ ಉದಾಹರಿಸುವುದು ಸರಿಯಲ್ಲ. ಅಲ್ಲಿ ಗ್ರೇಟ್ ಕ್ರೆಸ್ಟೆಡ್ ನ್ಯೂಟ್ ಸಣ್ಣ ಪ್ರಭೇದಗಳ ಮರಿಗಳನ್ನು ತಿನ್ನುತ್ತದೆ. ಕೊಳದಲ್ಲಿ ಅಡಗಲು, ದೂರ ಸರಿಯಲು ಇರುವ ಅವಕಾಶ ತೊಟ್ಟಿಯಲ್ಲಿ ಇರುವುದಿಲ್ಲ.

ಉಷ್ಣತೆ

ಆಲ್ಪೈನ್ ನ್ಯೂಟ್ 20 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಾದ ನೀರನ್ನು ಬಯಸುತ್ತದೆ. ರಿಬ್ಡ್ ನ್ಯೂಟ್ ಇದಕ್ಕಿಂತ ಬೆಚ್ಚಗಿನ ನೀರನ್ನೂ ಸಹಿಸುತ್ತದೆ. ಇಂತಹ ಎರಡು ಪ್ರಭೇದಗಳಿಗೆ ನಡುವಿನ ಉಷ್ಣತೆಯನ್ನು ಆಯ್ದರೆ ತಂಪು ಬಯಸುವ ಪ್ರಾಣಿಯು ನಿರಂತರ ಒತ್ತಡಕ್ಕೆ ಒಳಗಾಗಿ, ರೋಗನಿರೋಧಕ ಶಕ್ತಿಯನ್ನು ಕಳೆದುಕೊಳ್ಳುತ್ತದೆ.

ಸಂಕರ

ಹತ್ತಿರದ ಸಂಬಂಧವುಳ್ಳ ಪ್ರಭೇದಗಳು ಪರಸ್ಪರ ಕೂಡಿ ಸಂಕರ ಸಂತತಿಯನ್ನು ಉಂಟುಮಾಡಬಲ್ಲವು. ಫ್ರಾನ್ಸ್‌ನ ಪಶ್ಚಿಮ ಭಾಗದಲ್ಲಿ ಕ್ರೆಸ್ಟೆಡ್ ಮತ್ತು ಮಾರ್ಬಲ್ಡ್ ನ್ಯೂಟ್‌ಗಳ ಸಂಕರಗಳು ನಿಸರ್ಗದಲ್ಲಿಯೇ ಸಿಗುತ್ತವೆ. ಆದರೆ ಜಿನೀವಾ ಪ್ರದೇಶದಲ್ಲಿ ಮನುಷ್ಯರು ತಂದುಬಿಟ್ಟ ಇಟಾಲಿಯನ್ ಕ್ರೆಸ್ಟೆಡ್ ನ್ಯೂಟ್ ಸ್ಥಳೀಯ ಪ್ರಭೇದದೊಡನೆ ಬೆರೆತು ಅದರ ಅಸ್ತಿತ್ವಕ್ಕೇ ಕುತ್ತು ತಂದಿತು. ತೊಟ್ಟಿಯಲ್ಲಿ ಹುಟ್ಟಿದ ಸಂಕರಗಳು ಸಂರಕ್ಷಣಾ ತಳಿವೃದ್ಧಿಗೆ ಉಪಯುಕ್ತವಲ್ಲ.

ಸುರಕ್ಷಿತ ಕ್ರಮಗಳು

ಪ್ರತಿ ಪ್ರಭೇದಕ್ಕೂ ಪ್ರತ್ಯೇಕ ತೊಟ್ಟಿ, ಬಲೆ ಮತ್ತು ನೀರು ಬದಲಿಸುವ ಕೊಳವೆಗಳನ್ನು ಬಳಸುವುದು ಉತ್ತಮ. ಹೊಸದಾಗಿ ತಂದ ಪ್ರಾಣಿಗಳನ್ನು, ಅವು ಒಂದೇ ಪ್ರಭೇದದವಾಗಿದ್ದರೂ, ಕೆಲವು ವಾರಗಳ ಕಾಲ ಬೇರೆಯಾಗಿಡಬೇಕು. ಚರ್ಮದ ಮೇಲಿನಿಂದ ತೆಗೆದ ಮಾದರಿಯನ್ನು ಪಿಸಿಆರ್ ಪರೀಕ್ಷೆಗೆ ಒಳಪಡಿಸಿ ಶಿಲೀಂಧ್ರವನ್ನು ಪತ್ತೆಹಚ್ಚಬಹುದು. ಸೋಂಕಿತ ಫೈರ್ ಸಲಮಾಂಡರ್‌ಗಳನ್ನು 25 ಡಿಗ್ರಿಯಲ್ಲಿ 10 ದಿನ ಇರಿಸಿ ಗುಣಪಡಿಸಿದ ಪ್ರಯೋಗವಿದೆ. ಆದರೆ ತಂಪು ಬಯಸುವ ನ್ಯೂಟ್‌ಗಳಿಗೆ ಆ ಉಷ್ಣತೆಯೇ ಮಾರಕವಾಗಬಹುದಾದ್ದರಿಂದ ಪಶುವೈದ್ಯರ ಸಲಹೆ ಅಗತ್ಯ. ತೊಟ್ಟಿಯ ನೀರನ್ನಾಗಲಿ, ಬೇಡವಾದ ಪ್ರಾಣಿಗಳನ್ನಾಗಲಿ ಕೆರೆ-ಹಳ್ಳಗಳಿಗೆ ಬಿಡಬಾರದು.

ಭಾರತದಲ್ಲಿ

ಭಾರತದ ನ್ಯೂಟ್‌ಗಳು ಟೈಲೊಟೊಟ್ರಿಟಾನ್ ಕುಲಕ್ಕೆ ಸೇರಿವೆ. ಡಾರ್ಜಿಲಿಂಗ್ ಮತ್ತು ಪೂರ್ವ ನೇಪಾಳದ ಹಿಮಾಲಯನ್ ನ್ಯೂಟನ್ನು 2015ರಲ್ಲಿ ಪ್ರತ್ಯೇಕ ಪ್ರಭೇದವೆಂದು ವರ್ಣಿಸಲಾಯಿತು. ಕರ್ನಾಟಕದಲ್ಲಿ ನ್ಯೂಟ್‌ಗಳಿಲ್ಲ, ಪಶ್ಚಿಮ ಘಟ್ಟಗಳಲ್ಲಿರುವ ಉಭಯಚರಗಳು ಕಪ್ಪೆಗಳು ಮತ್ತು ಕಾಲಿಲ್ಲದ ಸಿಸಿಲಿಯನ್‌ಗಳು ಮಾತ್ರ.